ಅಲ್ಪಾವಧಿಯ ಬಲ್ಕಿಂಗ್–ಕಟಿಂಗ್ ಆವರ್ತನ

ಅಲ್ಪಾವಧಿಯ ಬಲ್ಕಿಂಗ್–ಕಟಿಂಗ್ ಆವರ್ತನ ಎಂದರೆ, ಭಾರ ಎತ್ತುವ ವ್ಯಾಯಾಮವನ್ನು ಬಿಡದೆ ನಡೆಸಿಕೊಂಡು, ಕೆಲವು ವಾರ ದೇಹದ ಖರ್ಚಿಗಿಂತ ಹೆಚ್ಚು ಆಹಾರವನ್ನೂ ಮುಂದಿನ ಕೆಲವು ವಾರ ಖರ್ಚಿಗಿಂತ ಕಡಿಮೆ ಆಹಾರವನ್ನೂ ಸರದಿಯಂತೆ ತೆಗೆದುಕೊಂಡು, ಕೊಬ್ಬನ್ನು ಒಂದು ಮಿತಿಯೊಳಗೆ ಹಿಡಿದಿಟ್ಟು ಸ್ನಾಯುವನ್ನು ಬೆಳೆಸುವ ಪದ್ಧತಿ. ದೇಹದಾರ್ಢ್ಯ ಕ್ರೀಡೆಯಲ್ಲಿ ಬಹುಕಾಲ ರೂಢಿಯಲ್ಲಿದ್ದುದು ಇದರ ದೀರ್ಘಾವಧಿಯ ರೂಪ. ಅಲ್ಲಿ ಆರೆಂಟು ತಿಂಗಳು ತೂಕ ಏರಿಸಿ, ಸ್ಪರ್ಧೆಗೆ ಮುಂಚಿನ ಮೂರು ನಾಲ್ಕು ತಿಂಗಳು ಇಳಿಸಲಾಗುತ್ತದೆ. ಅಲ್ಪಾವಧಿಯ ರೂಪದಲ್ಲಿ ಏರಿಕೆಯ ಹಂತ ಸಾಮಾನ್ಯವಾಗಿ 4ರಿಂದ 12 ವಾರ, ಇಳಿಕೆಯ ಹಂತ 2ರಿಂದ 6 ವಾರ. ಸ್ನಾಯು ನಿಧಾನವಾಗಿ ಬೆಳೆಯುತ್ತದೆ, ಕೊಬ್ಬು ಬೇಗ ಕೂಡುತ್ತದೆ ಮತ್ತು ಬೇಗ ಕರಗುತ್ತದೆ. ಈ ಎರಡು ವೇಗಗಳ ವ್ಯತ್ಯಾಸವೇ ಪದ್ಧತಿಗೆ ಆಧಾರ. ಅದರ ಬಲ, ಮಿತಿ ಎರಡೂ ಅಲ್ಲಿಂದಲೇ ಬರುತ್ತವೆ.

ಪರಿಭಾಷೆ

ಈ ಲೇಖನದಲ್ಲಿ ಕ್ಯಾಲರಿ ಎಂದರೆ ಕಿಲೋಕ್ಯಾಲರಿ. ತೂಕ ಏರದೆ ಇಳಿಯದೆ ನಿಲ್ಲುವಷ್ಟು ದೈನಂದಿನ ಆಹಾರದ ಪ್ರಮಾಣ ನಿರ್ವಹಣಾ ಮಟ್ಟ. ಅದಕ್ಕಿಂತ ಮೇಲೆ ತಿಂದದ್ದು ಹೆಚ್ಚುವರಿ, ಕೆಳಗೆ ಬಿಟ್ಟದ್ದು ಕೊರತೆ. ಹೆಚ್ಚುವರಿಯ ಹಂತಕ್ಕೆ ಬಲ್ಕಿಂಗ್ ಅಥವಾ ಬಲ್ಕ್ ಎಂತಲೂ ಕೊರತೆಯ ಹಂತಕ್ಕೆ ಕಟಿಂಗ್ ಅಥವಾ ಕಟ್ ಎಂತಲೂ ಜಿಮ್‌ಗಳಲ್ಲಿ ಹೆಸರು. ಆರು ವಾರ ಮೀರದ, ತುಸು ಕಠಿಣವಾದ ಕಟ್‌ಗೆ ಮಿನಿಕಟ್ ಎನ್ನುತ್ತಾರೆ. ಸಿಕ್ಕಿದ್ದನ್ನೆಲ್ಲ ಲೆಕ್ಕವಿಲ್ಲದೆ ತಿಂದು ತೂಕ ಏರಿಸುವುದು ಡರ್ಟಿ ಬಲ್ಕ್. ಅಳೆದು ತಿಂದು ನಿಧಾನವಾಗಿ ಏರಿಸುವುದು ಲೀನ್ ಬಲ್ಕ್.

ಕೊಬ್ಬುರಹಿತ ತೂಕ ಎಂಬ ಪದವನ್ನು ಎಚ್ಚರದಿಂದ ಬಳಸಬೇಕು. ಅದರಲ್ಲಿ ಸ್ನಾಯು ಮಾತ್ರವಲ್ಲ, ನೀರು, ಮೂಳೆ, ಅಂಗಾಂಗ, ಸ್ನಾಯುವಿನಲ್ಲಿ ಶೇಖರವಾದ ಗ್ಲೈಕೋಜನ್ ಎಲ್ಲವೂ ಸೇರಿರುತ್ತವೆ. ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಡುತ್ತದೆ. ಹಾಗಾಗಿ ಬಲ್ಕ್‌ನ ಮೊದಲ ವಾರದಲ್ಲಿ ಏರಿದ ತೂಕವೂ ಕಟ್‌ನ ಮೊದಲ ವಾರದಲ್ಲಿ ಇಳಿದ ತೂಕವೂ ಬಹುಪಾಲು ನೀರಿನದು. ಹಂತಗಳು ಕಿರಿದಾದಷ್ಟೂ ಈ ನೀರಿನ ಪಾಲು ದೊಡ್ಡದಾಗಿ ಕಾಣುತ್ತದೆ. ಅಲ್ಪಾವಧಿ ಆವರ್ತನದ ಫಲಿತಾಂಶವನ್ನು ಓದುವಲ್ಲಿ ಆಗುವ ತಪ್ಪುಗಳಿಗೆ ಮುಖ್ಯ ಕಾರಣ ಇದು.

ಹಿನ್ನೆಲೆ ಮತ್ತು ಉಗಮ

ಆಧುನಿಕ ದೇಹದಾರ್ಢ್ಯದ ಆರಂಭವನ್ನು ಸಾಮಾನ್ಯವಾಗಿ ಪ್ರಷ್ಯಾದಲ್ಲಿ ಹುಟ್ಟಿದ ಯೂಜೀನ್ ಸ್ಯಾಂಡೋ (1867–1925) ಅವರಿಂದ ಗುರುತಿಸುತ್ತಾರೆ. 1901ರ ಸೆಪ್ಟೆಂಬರ್ 14ರಂದು ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೊಡ್ಡ ದೇಹಸೌಷ್ಠವ ಸ್ಪರ್ಧೆಯೊಂದನ್ನು ನಡೆಸಿದರು. ಆ ಕಾಲದ ಅಂಗಸಾಧಕರಲ್ಲಿ ಋತುವಿಗೊಂದು ತೂಕ ಎಂಬ ಕಲ್ಪನೆ ಇರಲಿಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿ, 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ಪ್ರಕಟಿಸಿ, ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದ ಕೆ. ವಿ. ಅಯ್ಯರ್ ಈ ಮೊದಲ ಪರಂಪರೆಗೆ ಸೇರಿದವರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಮೂಲಕ ಕನ್ನಡ ಓದುಗರಿಗೆ ಪರಿಚಿತರಾದವರೂ ಅವರೇ. ಗರಡಿಮನೆಗಳ ಪೈಲ್ವಾನರಿಗೆ ಹಾಲು, ತುಪ್ಪ, ಬಾದಾಮಿಯ ಪುಷ್ಟಿಯ ಆಹಾರ ಹಿಂದಿನಿಂದಲೂ ಇತ್ತು. ಆದರೆ ಕುಸ್ತಿಗೆ ಬೇಕಾದುದು ಬಲ ಮತ್ತು ತೂಕ. ಚರ್ಮದಡಿ ಸ್ನಾಯುವಿನ ಗೆರೆ ಕಾಣಬೇಕೆಂಬ ಒತ್ತಾಯ ಅಲ್ಲಿ ಇರಲಿಲ್ಲವಾದ್ದರಿಂದ ಕಟಿಂಗ್‌ಗೆ ಸಮನಾದ ಹಂತವೂ ಬೆಳೆಯಲಿಲ್ಲ.

ಉದ್ದೇಶಪೂರ್ವಕವಾಗಿ ತೂಕ ಏರಿಸುವ ಪದ್ಧತಿ ಬಲಗೊಂಡದ್ದು 1930ರ ದಶಕದ ಅಮೆರಿಕದಲ್ಲಿ. ಮಾರ್ಕ್ ಬೆರಿ, ಜೋಸೆಫ್ ಕರ್ಟಿಸ್ ಹೈಸ್ ಮೊದಲಾದವರು ಭಾರ ಹೊತ್ತು ಹೆಚ್ಚು ಸಲ ಬಸ್ಕಿ ಹೊಡೆಯುವುದು ಮತ್ತು ಯಥೇಚ್ಛವಾಗಿ ಹಾಲು ಕುಡಿಯುವುದು ಎಂಬ ಸರಳ ಸೂತ್ರವನ್ನು ಪ್ರಚಾರಕ್ಕೆ ತಂದರು. 1936ರಲ್ಲಿ ಆರಂಭವಾದ ‘ಐರನ್ ಮ್ಯಾನ್’ ಪತ್ರಿಕೆಯ ಪಿಯರಿ ರೇಡರ್ ಅದನ್ನು ಮನೆಮನೆಗೆ ಮುಟ್ಟಿಸಿದರು. ಈ ದಾರಿಯ ತುದಿಯಲ್ಲಿ ನಿಂತವರು ಬ್ರೂಸ್ ರಾಂಡಲ್. ಅವರು ಸುಮಾರು 182 ಕಿಲೋ ತೂಕಕ್ಕೆ ಏರಿ, 32 ವಾರಗಳಲ್ಲಿ ಸುಮಾರು 83 ಕಿಲೋಗೆ ಇಳಿದು, ಬಳಿಕ 1959ರಲ್ಲಿ ಮಿಸ್ಟರ್ ಯೂನಿವರ್ಸ್ ಪ್ರಶಸ್ತಿ ಗೆದ್ದರು. ಬಲ್ಕ್ ಮತ್ತು ಕಟ್ ಎರಡನ್ನೂ ಇಷ್ಟು ದೂರ ಎಳೆದ ಉದಾಹರಣೆ ವಿರಳ. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ತರಬೇತುದಾರ ವಿನ್ಸ್ ಜಿರೊಂಡಾ ಇದಕ್ಕೆ ವಿರುದ್ಧವಾಗಿ, ಕೊಬ್ಬು ಕೂಡಿಸುವುದೇ ತಪ್ಪು ಎಂದು ವಾದಿಸುತ್ತಿದ್ದರು. ಅಲ್ಪಾವಧಿಯ ಆವರ್ತನವನ್ನು ಈ ಎರಡು ನಿಲುವುಗಳ ನಡುವಿನ ರಾಜಿ ಎಂದು ನೋಡಬಹುದು.

ಹಂತಗಳನ್ನು ವಾರಗಳ ಲೆಕ್ಕಕ್ಕೆ ಇಳಿಸಿ ಹೆಸರಿಟ್ಟ ಮೊದಲ ಪ್ರಸಿದ್ಧ ಯೋಜನೆ 1990ರ ದಶಕದ ಕೊನೆಯದು. ಸ್ವೀಡನ್ನಿನ ಟೋರ್‌ಬ್ಯೋರ್ನ್ ಓಕರ್‌ಫೆಲ್ಟ್ ರೂಪಿಸಿದ ಈ ಯೋಜನೆಯನ್ನು ‘ಮಸಲ್ ಮೀಡಿಯಾ’ ಎಂಬ ಅಮೆರಿಕದ ಪತ್ರಿಕೆ ಎಬಿಸಿಡಿಇ ಎಂಬ ಹೆಸರಿನಲ್ಲಿ ಪ್ರಚಾರ ಮಾಡಿತು. ಎರಡು ವಾರ ಹೆಚ್ಚುವರಿ, ಎರಡು ವಾರ ಕೊರತೆ, ಮತ್ತೆ ಎರಡು ವಾರ ಹೆಚ್ಚುವರಿ ಎಂಬುದು ಅದರ ಕ್ರಮ. ಅತಿಭೋಜನದ ಮೊದಲ ಕೆಲವು ದಿನಗಳಲ್ಲಿ ಇನ್ಸುಲಿನ್, ಟೆಸ್ಟೋಸ್ಟೆರೋನ್ ಮೊದಲಾದ ಬೆಳವಣಿಗೆಗೆ ನೆರವಾಗುವ ಹಾರ್ಮೋನುಗಳು ಏರುತ್ತವೆ, ಆ ಏರಿಕೆ ಮಾಸುವ ಮುನ್ನವೇ ಹಂತ ಬದಲಿಸಿದರೆ ಲಾಭ ಮಾತ್ರ ಉಳಿಯುತ್ತದೆ ಎಂಬುದು ಅದರ ವಾದ. ಅದಕ್ಕೂ ಮುಂಚೆ, 1996ರ ‘ಬಾಡಿ ಓಪಸ್’ ಪುಸ್ತಕದಲ್ಲಿ ಡ್ಯಾನ್ ಡುಚೇನ್ ವಾರದೊಳಗೇ ಹಿಟ್ಟಿನ ಪದಾರ್ಥವನ್ನು ಬಿಟ್ಟು ಮತ್ತೆ ತುಂಬಿಸುವ ಚಕ್ರವನ್ನು ವಿವರಿಸಿದ್ದರು. ಲೈಲ್ ಮೆಕ್‌ಡೊನಾಲ್ಡ್ 2003ರ ‘ಅಲ್ಟಿಮೇಟ್ ಡಯಟ್ 2.0’ದಲ್ಲಿ ಅದನ್ನು ಪರಿಷ್ಕರಿಸಿದರು. 2010ರ ದಶಕದಲ್ಲಿ ಮಿನಿಕಟ್ ಎಂಬ ಹೆಸರು ರೂಢಿಗೆ ಬಂದು, ಬಲ್ಕ್ ಉದ್ದವಾಗಿ, ಕಟ್ ಕಿರಿದಾಗಿ ಇರುವ ಅಸಮ ಆವರ್ತನ ನೆಲೆಗೊಂಡಿತು.

ದೈಹಿಕ ಆಧಾರ

ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವುದೂ ಕಳಚುವುದೂ ದಿನವಿಡೀ ಒಟ್ಟಿಗೇ ನಡೆಯುತ್ತಿರುತ್ತವೆ. ಭಾರ ಎತ್ತುವ ವ್ಯಾಯಾಮ ಕಟ್ಟುವ ಕೆಲಸವನ್ನು ಒಂದೆರಡು ದಿನದ ಮಟ್ಟಿಗೆ ಹೆಚ್ಚಿಸುತ್ತದೆ. ತಿಂದ ಪ್ರೋಟೀನ್ ಅದಕ್ಕೆ ಸಾಮಗ್ರಿ ಒದಗಿಸುತ್ತದೆ. ಆಹಾರದ ಕೊರತೆ ಈ ಕೆಲಸವನ್ನು ಬೇಗನೆ ಕುಂಠಿತಗೊಳಿಸುತ್ತದೆ. 2014ರಲ್ಲಿ ಹೋಸೆ ಅರೆಟಾ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಕೇವಲ 5 ದಿನಗಳ ಕೊರತೆಯಿಂದ ವಿಶ್ರಾಂತಿ ಸ್ಥಿತಿಯ ಸ್ನಾಯು ಪ್ರೋಟೀನ್ ನಿರ್ಮಾಣ ಶೇ. 27ರಷ್ಟು ಇಳಿಯಿತು. ಅದೇ ಕೊರತೆಯಲ್ಲಿ ಭಾರ ಎತ್ತಿದಾಗ ಅದು ಮೊದಲಿನ ಮಟ್ಟಕ್ಕೆ ಮರಳಿತು; ವ್ಯಾಯಾಮದ ಜೊತೆಗೆ ಪ್ರೋಟೀನ್ ಕೊಟ್ಟಾಗ ಇನ್ನೂ ಮೇಲೇರಿತು. ಕಟ್‌ನಲ್ಲಿ ವ್ಯಾಯಾಮವನ್ನೂ ಪ್ರೋಟೀನನ್ನೂ ಯಾಕೆ ಬಿಡಬಾರದೆಂಬುದಕ್ಕೆ ಇಷ್ಟು ನೇರವಾದ ಉತ್ತರ ಬೇರೆ ಅಧ್ಯಯನದಲ್ಲಿ ಸಿಗುವುದು ಕಷ್ಟ.

ಕೊಬ್ಬಿನ ಲೆಕ್ಕ ಬೇರೆ. ಒಂದು ಕಿಲೋ ದೇಹಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಅಡಗಿರುತ್ತದೆ. ದಿನಕ್ಕೆ 550 ಕ್ಯಾಲರಿ ಕಡಿಮೆ ತಿಂದರೆ ವಾರಕ್ಕೆ ಅರ್ಧ ಕಿಲೋ ಕೊಬ್ಬು ಕರಗುವುದು ಈ ಲೆಕ್ಕದಿಂದ ಬರುತ್ತದೆ. ಸ್ನಾಯು ಈ ವೇಗದಲ್ಲಿ ಬೆಳೆಯುವುದಿಲ್ಲ. ಮೊದಲ ವರ್ಷದ ಅಭ್ಯಾಸಿಗಳಿಗೆ ತರಬೇತುದಾರರು ಅಂದಾಜಿಸುವುದು ತಿಂಗಳಿಗೆ ಅರ್ಧದಿಂದ ಒಂದು ಕಿಲೋ. ವರ್ಷಗಳು ಕಳೆದಂತೆ ಅದು ತಿಂಗಳಿಗೆ ನೂರಿನ್ನೂರು ಗ್ರಾಂಗೂ ಇಳಿಯುತ್ತದೆ. ಹೆಚ್ಚು ತಿಂದರೆ ಹೆಚ್ಚು ಸ್ನಾಯು ಎಂಬ ನಂಬಿಕೆ ಎಡವುವುದು ಇಲ್ಲೇ: ಸ್ನಾಯು ತನ್ನ ಪಾಲನ್ನು ತೆಗೆದುಕೊಂಡ ಮೇಲೆ ಉಳಿದದ್ದು ಕೊಬ್ಬಾಗಿಯೇ ನಿಲ್ಲುತ್ತದೆ.

ಅತಿಭೋಜನಕ್ಕೆ ದೇಹಗಳು ಒಂದೇ ರೀತಿ ಸ್ಪಂದಿಸುವುದಿಲ್ಲ. ಕೆನಡಾದ ಲವಾಲ್ ವಿಶ್ವವಿದ್ಯಾಲಯದಲ್ಲಿ ಕ್ಲೋಡ್ ಬುಷಾರ್ ತಂಡ 12 ಜೋಡಿ ತದ್ರೂಪಿ ಅವಳಿ ಯುವಕರಿಗೆ 100 ದಿನಗಳ ಅವಧಿಯಲ್ಲಿ ವಾರಕ್ಕೆ 6 ದಿನದಂತೆ ದಿನಕ್ಕೆ 1,000 ಕ್ಯಾಲರಿ ಹೆಚ್ಚುವರಿ ಕೊಟ್ಟಿತು. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಏರಿದ ತೂಕ ಕನಿಷ್ಠ 4.3, ಗರಿಷ್ಠ 13.3 ಕಿಲೋ, ಒಂದೇ ಜೋಡಿಯ ಅವಳಿಗಳ ನಡುವೆ ಮಾತ್ರ ಹೋಲಿಕೆ ಹೆಚ್ಚಿತ್ತು. ಒಬ್ಬರಿಗೆ ಕೂಡಿಬಂದ ಕ್ಯಾಲರಿ ಲೆಕ್ಕ ಮತ್ತೊಬ್ಬರಿಗೆ ಕೂಡದಿರುವುದಕ್ಕೆ ಅನುವಂಶೀಯ ಕಾರಣವೂ ಇದೆ. 2012ರಲ್ಲಿ ಜಾರ್ಜ್ ಬ್ರೇ ತಂಡ 25 ಜನರ ಮೇಲೆ ನಡೆಸಿದ 8 ವಾರಗಳ ಅತಿಭೋಜನದ ಪ್ರಯೋಗ ಇನ್ನೊಂದು ಅಂಶವನ್ನು ತೋರಿಸಿತು. ಆಹಾರದಲ್ಲಿ ಪ್ರೋಟೀನ್ ಶೇ. 5 ಇದ್ದವರಿಗೂ ಶೇ. 25 ಇದ್ದವರಿಗೂ ಕೂಡಿದ ಕೊಬ್ಬು ಹೆಚ್ಚುಕಡಿಮೆ ಒಂದೇ. ಆದರೆ ಕಡಿಮೆ ಪ್ರೋಟೀನ್ ತಿಂದವರ ಕೊಬ್ಬುರಹಿತ ತೂಕ, ಅಷ್ಟು ತಿಂದರೂ, ಇಳಿದಿತ್ತು.

ಕೊರತೆ ದೀರ್ಘವಾದಾಗ ಹಾರ್ಮೋನುಗಳು ಕುಸಿಯುತ್ತವೆ. ಔಷಧ ಬಳಸದ ಒಬ್ಬ ದೇಹದಾರ್ಢ್ಯ ಪಟುವನ್ನು 12 ತಿಂಗಳು ಅನುಸರಿಸಿದ 2013ರ ಅಧ್ಯಯನದಲ್ಲಿ, ಸ್ಪರ್ಧೆಯ ಸಿದ್ಧತೆಯ ವೇಳೆ ಅವರ ಟೆಸ್ಟೋಸ್ಟೆರೋನ್ ಒಂದು ಮಿಲಿಲೀಟರಿಗೆ 9.22ರಿಂದ 2.27 ನ್ಯಾನೋಗ್ರಾಂಗೆ ಇಳಿಯಿತು. ಮಿನಿಕಟ್‌ನ ಪರವಾಗಿ ಹೇಳುವ ಮುಖ್ಯ ಕಾರಣ ಇದಕ್ಕೆ ಸಂಬಂಧಿಸಿದ್ದು: ಕುಸಿತ ಆಳಕ್ಕೆ ಇಳಿಯುವ ಮುನ್ನವೇ ಕಟ್ ಮುಗಿಯುತ್ತದೆ.

ಆವರ್ತನದ ರಚನೆ

ಒಂದು ಮಾದರಿ ಲೆಕ್ಕ ಈ ಪದ್ಧತಿಯ ಒಳಗುಟ್ಟನ್ನು ಸ್ಪಷ್ಟಪಡಿಸುತ್ತದೆ. 70 ಕಿಲೋ ತೂಕದ, ವಾರಕ್ಕೆ ಮೂರು ನಾಲ್ಕು ದಿನ ಭಾರ ಎತ್ತುವ ಯುವಕನ ನಿರ್ವಹಣಾ ಮಟ್ಟ 2,400 ಕ್ಯಾಲರಿ ಎಂದಿಟ್ಟುಕೊಳ್ಳೋಣ. ಆರು ವಾರ ದಿನಕ್ಕೆ 2,700 ತಿಂದರೆ ಒಟ್ಟು ಹೆಚ್ಚುವರಿ 12,600. ಮುಂದಿನ ಮೂರು ವಾರ ದಿನಕ್ಕೆ 1,800 ತಿಂದರೆ ಒಟ್ಟು ಕೊರತೆಯೂ 12,600. ಒಂಬತ್ತು ವಾರಗಳ ಕೊನೆಗೆ ಕ್ಯಾಲರಿಯ ಜಮಾಖರ್ಚು ಸೊನ್ನೆ. ಆದರೂ ಒಂಬತ್ತರಲ್ಲಿ ಆರು ವಾರ ವ್ಯಾಯಾಮಕ್ಕೆ ಪುಷ್ಟಿಯ ಬೆಂಬಲ ಸಿಕ್ಕಿರುತ್ತದೆ, ಕೊರತೆಯ ಕಾಲ ಮೂರೇ ವಾರ. ಅಸಮ ಆವರ್ತನದ ಅನುಕೂಲವೆಲ್ಲ ಈ ಅನುಪಾತದಲ್ಲಿದೆ.

ಅದೇ ಲೆಕ್ಕ ಅದರ ಮಿತಿಯನ್ನೂ ಹೇಳುತ್ತದೆ. ಜಮಾಖರ್ಚು ಸೊನ್ನೆಯಾದರೆ ದೇಹತೂಕ ಬೆಳೆಯುವುದಿಲ್ಲ. ಕೊಬ್ಬಿನ ಜಾಗಕ್ಕೆ ಸ್ನಾಯು ಬರಬಹುದು, ಅಷ್ಟೆ. ತೂಕವೂ ಏರಬೇಕಾದವರು ಬಲ್ಕನ್ನು ಎಂಟು ಹತ್ತು ವಾರಕ್ಕೆ ಚಾಚುತ್ತಾರೆ. ಎಂಟು ವಾರಕ್ಕೆ ಹೆಚ್ಚುವರಿ 16,800 ಆಗಿ, ಮೂರು ವಾರದ ಕಟ್ ಕಳೆದ ಮೇಲೂ 4,200 ಕ್ಯಾಲರಿ ದೇಹದಲ್ಲಿ ಉಳಿಯುತ್ತದೆ. ಎರಡು ವಾರಕ್ಕೆ ಎರಡು ವಾರ ಎಂಬ ಓಕರ್‌ಫೆಲ್ಟ್‌ರ ಸಮ ಆವರ್ತನದ ದೌರ್ಬಲ್ಯ ಇಲ್ಲಿ ಎದ್ದು ಕಾಣುತ್ತದೆ. ಅದರಲ್ಲಿ ವರ್ಷದ ಅರ್ಧ ಭಾಗ ಕೊರತೆಯಲ್ಲೇ ಕಳೆಯುತ್ತದೆ, ಎರಡು ವಾರದ ಬಲ್ಕ್‌ನಲ್ಲಿ ಸ್ನಾಯು ಬೆಳೆದದ್ದನ್ನು ನೀರಿನ ಏರಿಳಿತದಿಂದ ಬೇರ್ಪಡಿಸಿ ನೋಡಲೂ ಆಗುವುದಿಲ್ಲ.

ಬಲ್ಕ್‌ನಲ್ಲಿ ವಾರಕ್ಕೆ ದೇಹತೂಕದ ಶೇ. 0.25ರಿಂದ 0.5, ಅಂದರೆ 70 ಕಿಲೋದವರಿಗೆ 175ರಿಂದ 350 ಗ್ರಾಂ ಏರಿಕೆ ಇಂದು ವ್ಯಾಪಕವಾಗಿ ಶಿಫಾರಸಾಗುವ ವೇಗ. ಹೊಸಬರು ಮೇಲಿನ ಅಂಕಿಗೆ, ಹಳಬರು ಕೆಳಗಿನ ಅಂಕಿಗೆ ಹತ್ತಿರವಿರುತ್ತಾರೆ. ಕಟ್‌ನಲ್ಲಿ ವಾರಕ್ಕೆ ಶೇ. 0.5ರಿಂದ 1ರಷ್ಟು ಇಳಿಕೆ ಸಾಮಾನ್ಯ. ಎರಡರ ನಡುವೆ ಒಂದೆರಡು ವಾರ ನಿರ್ವಹಣಾ ಮಟ್ಟದಲ್ಲಿ ನಿಲ್ಲುವ ರೂಢಿಯೂ ಇದೆ. ಕಟ್ ಮುಗಿದ ಕೂಡಲೇ ಹಸಿವು ಜೋರಾಗಿರುವುದರಿಂದ ಈ ನಿಲುಗಡೆ ಇಲ್ಲದೆ ನೇರವಾಗಿ ಬಲ್ಕ್‌ಗೆ ಹಾರಿದವರು ಯೋಜಿಸಿದ್ದಕ್ಕಿಂತ ಹೆಚ್ಚು ತಿನ್ನುವುದು ಸಾಮಾನ್ಯ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಆನ್ಸೆಲ್ ಕೀಸ್ 36 ಸ್ವಯಂಸೇವಕರ ಮೇಲೆ ನಡೆಸಿದ ಮಿನ್ನೆಸೋಟ ಉಪವಾಸ ಪ್ರಯೋಗದಲ್ಲಿ ಊಟ ಮರಳಿ ಸಿಕ್ಕಿದಾಗ ಸ್ನಾಯುವಿಗಿಂತ ಮೊದಲು ಕೊಬ್ಬು ತುಂಬಿಕೊಂಡಿತ್ತು. ಆ ಪ್ರಯೋಗದ ಹಸಿವಿಗೂ ಮಿನಿಕಟ್‌ಗೂ ಅಜಗಜಾಂತರವಿದ್ದರೂ, ಮರುಭರ್ತಿಯಲ್ಲಿ ಕೊಬ್ಬು ಮುಂದೆ ಓಡುತ್ತದೆ ಎಂಬ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ಮೊದಲು ಬಲ್ಕ್ ಮಾಡಬೇಕೋ ಕಟ್ ಮಾಡಬೇಕೋ ಎಂಬ ಪ್ರಶ್ನೆಗೆ ದೇಹಕೊಬ್ಬಿನ ಪ್ರಮಾಣ ಉತ್ತರ ಕೊಡುತ್ತದೆ. ಗಂಡಸರು ಶೇ. 10ರಿಂದ 12ರ ಆಸುಪಾಸಿನಲ್ಲಿ ಬಲ್ಕ್ ಆರಂಭಿಸಿ ಶೇ. 15ರ ಸುಮಾರಿಗೆ ನಿಲ್ಲಿಸಬೇಕೆಂಬ ನಿಯಮ ಜಿಮ್‌ಗಳಲ್ಲಿ ಚಾಲ್ತಿಯಲ್ಲಿದೆ. ಹೆಂಗಸರಿಗೆ ಈ ಅಂಕಿಗಳು ಸುಮಾರು 8ರಿಂದ 10 ಅಂಶ ಮೇಲಿರುತ್ತವೆ. ತೆಳ್ಳಗಿರುವವರಲ್ಲಿ ಹೆಚ್ಚುವರಿಯ ದೊಡ್ಡ ಪಾಲು ಸ್ನಾಯುವಿಗೆ ಹೋಗುತ್ತದೆ ಎಂಬ ಗಿಲ್ಬರ್ಟ್ ಫೋರ್ಬ್ಸ್‌ರ ಸಿದ್ಧಾಂತ ಇದಕ್ಕೆ ಮೂಲ. ಫೋರ್ಬ್ಸ್ ಆಧರಿಸಿದ ದತ್ತಾಂಶ ಭಾರ ಎತ್ತುವವರದಲ್ಲವಾದ್ದರಿಂದ ಸಿದ್ಧಾಂತವನ್ನು ಹಾಗೆಯೇ ಜಿಮ್‌ಗೆ ತರುವುದು ಸರಿಯಲ್ಲ. ಆದರೂ ನಿಯಮ ಉಪಯುಕ್ತವೇ. ಮುಂದಿನ ಕಟ್ ಎಷ್ಟು ಉದ್ದವಾಗಬೇಕೆಂಬುದನ್ನು ಅದು ಮೊದಲೇ ಕಟ್ಟಿಹಾಕುತ್ತದೆ.

ಭಾರತೀಯರ ಮಟ್ಟಿಗೆ ಈ ಆರಂಭದ ಅಳತೆ ಇನ್ನೂ ಮುಖ್ಯ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ ಎಂಬ ಇಬ್ಬರು ವೈದ್ಯವಿಜ್ಞಾನಿಗಳು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ಯಡ್ಕಿನ್‌ರ ದೇಹಕೊಬ್ಬು ಶೇ. 9.1, ಯಾಜ್ಞಿಕ್‌ರದು ಶೇ. 21.2. ಕೈಕಾಲು ಸಣ್ಣ, ಹೊಟ್ಟೆ ಮುಂದೆ ಎಂಬ ಮೈಕಟ್ಟಿನ ಯುವಕರಿಗೆ ತೂಕದ ಯಂತ್ರ ‘ಸಣ್ಣಗಿದ್ದೀಯ, ಬಲ್ಕ್ ಮಾಡು’ ಎಂದು ಹೇಳಿದರೂ ಸೊಂಟದ ಅಳತೆ ಬೇರೆಯದನ್ನೇ ಹೇಳುತ್ತದೆ. ಅಂಥವರು ಅಭ್ಯಾಸದ ಮೊದಲ ತಿಂಗಳುಗಳಲ್ಲಿ ನಿರ್ವಹಣಾ ಮಟ್ಟದಲ್ಲೋ ಸಣ್ಣ ಕೊರತೆಯಲ್ಲೋ ಇದ್ದು ಸ್ನಾಯು ಬೆಳೆಸಿಕೊಳ್ಳಬಲ್ಲರು. ಹೊಸಬರ ದೇಹಕ್ಕೆ ಆ ಸಾಮರ್ಥ್ಯವಿದೆ.

ಬಗೆಗಳು

ಅವಧಿಯ ಆಧಾರದಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು. ಎರಡೆರಡು ವಾರದ ಸಮ ಆವರ್ತನ ಇಂದು ಬಹುಮಟ್ಟಿಗೆ ಬಳಕೆಯಿಂದ ಸರಿದಿದೆ. ಆರರಿಂದ ಹನ್ನೆರಡು ವಾರದ ಬಲ್ಕ್ ಮತ್ತು ಎರಡರಿಂದ ಆರು ವಾರದ ಮಿನಿಕಟ್ ಸೇರಿದ ಅಸಮ ಆವರ್ತನವೇ ಪ್ರಧಾನ. ಮೂರನೆಯದು ವಾರದೊಳಗಿನ ಅಥವಾ ದಿನದಿನದ ಆವರ್ತನ. ವ್ಯಾಯಾಮದ ದಿನ ಹೆಚ್ಚು, ವಿಶ್ರಾಂತಿಯ ದಿನ ಕಡಿಮೆ ತಿನ್ನುವ ಈ ಕ್ರಮವನ್ನು ಸ್ವೀಡನ್ನಿನ ಮಾರ್ಟಿನ್ ಬರ್ಖಾನ್ ಲೀನ್‌ಗೇನ್ಸ್ ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿದರು. ಅದರಲ್ಲಿ ಹಂತಗಳು ಎಷ್ಟು ಕಿರಿದೆಂದರೆ, ವಾರದ ಸರಾಸರಿಯೇ ಫಲಿತಾಂಶವನ್ನು ನಿರ್ಧರಿಸುತ್ತದೆ. ಅದನ್ನು ಬಲ್ಕ್–ಕಟ್ ಆವರ್ತನ ಎನ್ನುವುದಕ್ಕಿಂತ ನಿರ್ವಹಣಾ ಆಹಾರವನ್ನು ಹಂಚಿಕೊಳ್ಳುವ ಕ್ರಮ ಎನ್ನುವುದು ಹೆಚ್ಚು ಸರಿ.

ಆಹಾರ

ಎರಡೂ ಹಂತಗಳಲ್ಲಿ ಸ್ಥಿರವಾಗಿರಬೇಕಾದುದು ಪ್ರೋಟೀನ್. 49 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಭಾರ ಎತ್ತುವವರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್‌ನ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಕಟ್‌ನಲ್ಲಿ 2 ಗ್ರಾಂ ದಾಟಿದ ಪ್ರಮಾಣವನ್ನೂ ಬಳಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಾಮಾನ್ಯ ವಯಸ್ಕರಿಗೆ 2020ರಲ್ಲಿ ನಿಗದಿಪಡಿಸಿದ ಪ್ರಮಾಣ 0.83 ಗ್ರಾಂ. 70 ಕಿಲೋದವರಿಗೆ 1.6ರ ಲೆಕ್ಕದಲ್ಲಿ 112 ಗ್ರಾಂ, 0.83ರ ಲೆಕ್ಕದಲ್ಲಿ 58 ಗ್ರಾಂ. ಈ ಅಂತರವನ್ನು ಮುದ್ದೆ, ಅನ್ನ, ಸಾರಿನ ಊಟದಲ್ಲಿ ತುಂಬುವುದೇ ಕರ್ನಾಟಕದ ಅಭ್ಯಾಸಿಗಳ, ಅದರಲ್ಲೂ ಸಸ್ಯಾಹಾರಿಗಳ, ನಿಜವಾದ ಸವಾಲು.

100 ಗ್ರಾಂ ರಾಗಿಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ. ಅಷ್ಟೇ ತೊಗರಿಬೇಳೆಯಲ್ಲಿ 22 ಗ್ರಾಂ. ಆದರೆ ಒಂದು ಸೌಟು ತಿಳಿಸಾರಿನಲ್ಲಿ ಬೇಳೆ ಇರುವುದೇ ಕಡಿಮೆ. ಅರ್ಧ ಲೀಟರ್ ಹಾಲು (16 ಗ್ರಾಂ), 50 ಗ್ರಾಂ ಸೋಯಾ ಚಂಕ್ಸ್ (26 ಗ್ರಾಂ), 80 ಗ್ರಾಂ ಹೆಸರುಕಾಳು ಅಥವಾ ಬೇಳೆ (18 ಗ್ರಾಂ), 100 ಗ್ರಾಂ ಪನೀರ್ (18 ಗ್ರಾಂ), 40 ಗ್ರಾಂ ಕಡಲೇಕಾಯಿ (10 ಗ್ರಾಂ), ಒಂದು ದೊಡ್ಡ ಬಟ್ಟಲು ಮೊಸರು (7 ಗ್ರಾಂ) ಇವಿಷ್ಟಕ್ಕೆ ಮುದ್ದೆ, ಅನ್ನಗಳದ್ದು ಸೇರಿದರೆ 112 ಗ್ರಾಂ ಮುಟ್ಟುತ್ತದೆ. ಮಾಂಸಾಹಾರಿಗಳಿಗೆ ನಾಲ್ಕು ಮೊಟ್ಟೆ (24 ಗ್ರಾಂ) ಮತ್ತು ಬೇಯಿಸಿದ 150 ಗ್ರಾಂ ಕೋಳಿಯ ಎದೆಭಾಗ (45 ಗ್ರಾಂ) ಅರ್ಧಕ್ಕಿಂತ ಹೆಚ್ಚು ದಾರಿ ಸವೆಸುತ್ತವೆ.

ಕಟ್‌ನಲ್ಲಿ ತೆಗೆಯಬೇಕಾದುದು ಅನ್ನವೋ ಎಣ್ಣೆಯೋ ಎಂಬ ವಾದಕ್ಕೆ ತಳವಿಲ್ಲ. ಪ್ರೋಟೀನ್ ಮತ್ತು ತರಕಾರಿಯನ್ನು ಉಳಿಸಿಕೊಂಡು, ಒಟ್ಟು ಕ್ಯಾಲರಿ ಇಳಿದರೆ ಸಾಕು. ಎರಡು ದೊಡ್ಡ ಚಮಚ ಎಣ್ಣೆ (ಸುಮಾರು 240 ಕ್ಯಾಲರಿ), 40 ಗ್ರಾಂ ಕಡಲೇಕಾಯಿ (225), 40 ಗ್ರಾಂ ಅಕ್ಕಿ (140) ಕಡಿತಗೊಂಡರೆ ಮೇಲಿನ ಮಾದರಿಯ 600 ಕ್ಯಾಲರಿ ಕೊರತೆ ಬಂದುಬಿಡುತ್ತದೆ. ಹೋದ ಕಡಲೇಕಾಯಿಯ ಪ್ರೋಟೀನ್‌ಗೆ ಬದಲಾಗಿ ಸ್ವಲ್ಪ ಸೋಯಾ ಅಥವಾ ಎರಡು ಮೊಟ್ಟೆಯ ಬಿಳಿಭಾಗ ಸೇರಿಸುತ್ತಾರೆ. ಒಗ್ಗರಣೆಯ ಎಣ್ಣೆ, ಚಟ್ನಿಯ ತೆಂಗಿನಕಾಯಿ, ಕಾಫಿಯ ಸಕ್ಕರೆ ಲೆಕ್ಕಕ್ಕೆ ಸಿಗದೆ ಜಾರಿಕೊಳ್ಳುವ ಮೂರು ವಸ್ತುಗಳು.

ವ್ಯಾಯಾಮ ಮತ್ತು ಅಳತೆ

ಬಲ್ಕ್‌ನಲ್ಲಿ ಭಾರ, ಸೆಟ್‌ಗಳ ಸಂಖ್ಯೆ ಕ್ರಮೇಣ ಏರಬೇಕು. ಏರದಿದ್ದರೆ ಹೆಚ್ಚುವರಿ ಆಹಾರಕ್ಕೆ ಕೆಲಸವಿಲ್ಲ. ಕಟ್‌ನಲ್ಲಿ ಭಾರವನ್ನು ಉಳಿಸಿಕೊಂಡು ಸೆಟ್‌ಗಳನ್ನು ಸ್ವಲ್ಪ ತಗ್ಗಿಸುತ್ತಾರೆ. ಭಾರ ತಗ್ಗಿಸಿ ಎತ್ತುವ ಸಲಗಳ ಸಂಖ್ಯೆ ಏರಿಸಿದರೆ ಸ್ನಾಯು ‘ಕಟ್’ ಆಗುತ್ತದೆ ಎಂಬ ಹಳೆಯ ಜಿಮ್ ನಂಬಿಕೆ ನಿರಾಧಾರ. ಗೆರೆ ಕಾಣುವುದು ಕೊಬ್ಬು ಕರಗುವುದರಿಂದ. ಅದನ್ನು ನಿರ್ಧರಿಸುವುದು ಅಡುಗೆಮನೆ.

ತೂಕವನ್ನು ಬೆಳಗ್ಗೆ, ಶೌಚದ ಬಳಿಕ, ಏನೂ ತಿನ್ನುವ ಮುಂಚೆ ನೋಡಿ, ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸುವುದು ಸರಿಯಾದ ಕ್ರಮ. ಉಪ್ಪು ಹೆಚ್ಚಾದ ಒಂದು ಹಬ್ಬದೂಟ ಮರುದಿನ ಒಂದು ಕಿಲೋ ಏರಿಸಿ ತೋರಿಸಬಲ್ಲದು. ಹೊಕ್ಕುಳ ಮಟ್ಟದ ಸುತ್ತಳತೆಯನ್ನು ವಾರಕ್ಕೊಮ್ಮೆ ಟೇಪಿನಲ್ಲಿ ಅಳೆಯುವುದು ಕೊಬ್ಬಿನ ಅಗ್ಗದ, ನಂಬಬಹುದಾದ ಸೂಚಕ. ಬಲ್ಕ್‌ನಲ್ಲಿ ತೂಕಕ್ಕಿಂತ ಸೊಂಟ ಬೇಗ ಏರುತ್ತಿದ್ದರೆ ಹೆಚ್ಚುವರಿ ಅತಿಯಾಗಿದೆ ಎಂದರ್ಥ. ಹೆಂಗಸರಲ್ಲಿ ಮುಟ್ಟಿಗೆ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿದಿಡುವುದರಿಂದ, ಋತುಚಕ್ರದ ಅದೇ ವಾರವನ್ನು ಹಿಂದಿನ ತಿಂಗಳ ಅದೇ ವಾರದೊಂದಿಗೆ ಹೋಲಿಸಬೇಕು. ಮೂರು ವಾರದ ಕಟ್‌ನ ಫಲವನ್ನು ಈ ನೀರು ಪೂರ್ತಿಯಾಗಿ ಮರೆಮಾಚಬಹುದು. ವಿದ್ಯುತ್ ಹರಿಸಿ ಕೊಬ್ಬಿನ ಶೇಕಡಾವಾರು ತೋರಿಸುವ ಜಿಮ್ ಯಂತ್ರಗಳು ದೇಹದ ನೀರಿನ ಪ್ರಮಾಣಕ್ಕೆ ತಕ್ಕಂತೆ ಬದಲಾಗುತ್ತವೆ. ಎರಡು ಮೂರು ವಾರದ ಬದಲಾವಣೆಯನ್ನು ಅವುಗಳಿಂದ ತೀರ್ಮಾನಿಸುವುದು ಸರಿಯಲ್ಲ.

ಸಂಶೋಧನೆಯ ಸಾಕ್ಷ್ಯ

ಸಾಕ್ಷ್ಯದ ಬಹುಪಾಲು ಎರಡು ಹಂತಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದ ಪ್ರಯೋಗಗಳಿಂದ ಬಂದದ್ದು. ನಾರ್ವೆಯ ಇನಾ ಗಾರ್ಥೆ ತಂಡದ ಎರಡು ಅಧ್ಯಯನಗಳು ಮುಖ್ಯ. 2013ರಲ್ಲಿ ಪ್ರಕಟವಾದುದರಲ್ಲಿ, ದಿನವೂ ಹೆಚ್ಚುವರಿ ತಿಂದ ಕ್ರೀಡಾಪಟುಗಳಿಗೆ ಕೂಡಿದ ಕೊಬ್ಬುರಹಿತ ತೂಕ 1.7 ಕಿಲೋ, ತಮ್ಮಿಷ್ಟದಂತೆ ತಿಂದವರಿಗೆ 1.2 ಕಿಲೋ. ಈ ವ್ಯತ್ಯಾಸ ಸಂಖ್ಯಾಶಾಸ್ತ್ರೀಯವಾಗಿ ಗಣನೀಯವಲ್ಲ. ಕೊಬ್ಬು ಮಾತ್ರ 1.1 ಕಿಲೋ ಮತ್ತು 0.2 ಕಿಲೋ. 2011ರ ಅಧ್ಯಯನದಲ್ಲಿ ವಾರಕ್ಕೆ ದೇಹತೂಕದ ಶೇ. 0.7ರ ವೇಗದಲ್ಲಿ ಇಳಿದವರ ಕೊಬ್ಬುರಹಿತ ತೂಕ ಶೇ. 2.1 ಏರಿತು, ಶೇ. 1.4ರ ಗುರಿಯಿಟ್ಟು ಬೇಗ ಇಳಿದವರಿಗೆ ಆ ಲಾಭ ಸಿಗಲಿಲ್ಲ.

ಕಠಿಣ ಮಿನಿಕಟ್‌ಗೆ ಹತ್ತಿರದ ಪ್ರಯೋಗ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ್ದು (2016). 40 ಯುವಕರು ನಾಲ್ಕು ವಾರ ಶೇ. 40ರ ಕೊರತೆಯಲ್ಲಿ ತೀವ್ರ ವ್ಯಾಯಾಮ ಮಾಡಿದರು. ಕಿಲೋಗೆ 2.4 ಗ್ರಾಂ ಪ್ರೋಟೀನ್ ತಿಂದವರು 4.8 ಕಿಲೋ ಕೊಬ್ಬು ಕಳೆದುಕೊಂಡು 1.2 ಕಿಲೋ ಕೊಬ್ಬುರಹಿತ ತೂಕ ಗಳಿಸಿದರು, 1.2 ಗ್ರಾಂ ತಿಂದವರು 3.5 ಕಿಲೋ ಕೊಬ್ಬು ಕಳೆದುಕೊಂಡು ಕೊಬ್ಬುರಹಿತ ತೂಕವನ್ನು ಉಳಿಸಿಕೊಂಡರಷ್ಟೇ. ಅವರು ಭಾರ ಎತ್ತುವುದರಲ್ಲಿ ಪಳಗಿದವರಲ್ಲ, ತೂಕ ಹೆಚ್ಚಿದ್ದವರು ಎಂಬುದನ್ನು ಮರೆತು ಈ ಅಂಕಿಗಳನ್ನು ಎಲ್ಲರಿಗೂ ಅನ್ವಯಿಸುವುದು ರೂಢಿಯಾಗಿದೆ. ಅದು ತಪ್ಪು ಓದು. ಮರ್ಫಿ ಮತ್ತು ಕೋಲರ್ ನಡೆಸಿದ ವಿಶ್ಲೇಷಣೆ, ದಿನಕ್ಕೆ ಸುಮಾರು 500 ಕ್ಯಾಲರಿ ಕೊರತೆಯಲ್ಲಿ ಕೊಬ್ಬುರಹಿತ ತೂಕದ ಬೆಳವಣಿಗೆ ನಿಂತುಹೋಗುತ್ತದೆ, ಶಕ್ತಿ ಮಾತ್ರ ಬೆಳೆಯುತ್ತಲೇ ಇರಬಹುದು ಎಂದು ಲೆಕ್ಕ ಹಾಕಿತು.

ನಡುನಡುವೆ ವಿರಾಮ ಕೊಡುವುದರಿಂದ ಕಟ್ ಹೆಚ್ಚು ಫಲಕಾರಿಯಾಗುತ್ತದೆಯೇ ಎಂಬ ಬಗ್ಗೆ ಫಲಿತಾಂಶಗಳು ಭಿನ್ನ. ಆಸ್ಟ್ರೇಲಿಯಾದ ಮ್ಯಾಟಡಾರ್ ಪ್ರಯೋಗದಲ್ಲಿ ಬೊಜ್ಜಿನ ಗಂಡಸರು ಎರಡು ವಾರ ಕೊರತೆ, ಎರಡು ವಾರ ನಿರ್ವಹಣೆ ಎಂಬ ಕ್ರಮದಲ್ಲಿ, ಸತತವಾಗಿ ಕೊರತೆಯಲ್ಲಿದ್ದವರಿಗಿಂತ ಹೆಚ್ಚು ತೂಕ ಇಳಿಸಿದರು. ಭಾರ ಎತ್ತುವಲ್ಲಿ ಪಳಗಿದ 61 ಜನರ ಮೇಲೆ ಅದೇ ದೇಶದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಐಸ್‌ಕ್ಯಾಪ್ ಪ್ರಯೋಗದಲ್ಲಿ ಮೂರು ವಾರಕ್ಕೊಮ್ಮೆ ಒಂದು ವಾರದ ವಿರಾಮ ಕೊಬ್ಬಿನಲ್ಲೂ ಸ್ನಾಯುವಿನಲ್ಲೂ ವ್ಯತ್ಯಾಸ ತರಲಿಲ್ಲ. ಹೆಚ್ಚುವರಿಯ ಗಾತ್ರವನ್ನು ನ್ಯೂಜಿಲೆಂಡಿನ ಎರಿಕ್ ಹೆಲ್ಮ್ಸ್ ತಂಡ 2023ರಲ್ಲಿ ಹೋಲಿಸಿತು. ನಿರ್ವಹಣಾ ಮಟ್ಟ, ಶೇ. 5 ಮತ್ತು ಶೇ. 15ರ ಹೆಚ್ಚುವರಿಗಳಲ್ಲಿ ಎಂಟು ವಾರ ಕಳೆದ ಈ ಸಣ್ಣ ಗುಂಪಿನಲ್ಲಿ, ತೂಕ ಬೇಗ ಏರಿದಷ್ಟೂ ಮುಖ್ಯವಾಗಿ ಚರ್ಮದಡಿಯ ಕೊಬ್ಬೇ ಹೆಚ್ಚಿತು.

ಇವೆಲ್ಲ ಒಟ್ಟಾಗಿ ತೋರಿಸುವುದು, ಹಂತ ಬದಲಾಯಿಸುವ ಕ್ರಿಯೆಯಿಂದಲೇ ಸ್ನಾಯು ಹೆಚ್ಚು ಬೆಳೆಯುತ್ತದೆ ಎಂಬ ಮೂಲ ವಾದಕ್ಕೆ ಆಧಾರ ದುರ್ಬಲ ಎಂಬುದನ್ನು. ಪದ್ಧತಿಯ ಗಟ್ಟಿ ಲಾಭ ಬೇರೆ: ತಪ್ಪು ಬೇಗ ಗೊತ್ತಾಗುತ್ತದೆ. ಎಂಟು ತಿಂಗಳ ಬಲ್ಕ್‌ನಲ್ಲಿ ಅತಿಯಾಗಿ ತಿಂದವರಿಗೆ ಅದನ್ನು ತಿದ್ದಲು ಮತ್ತೆ ತಿಂಗಳುಗಳು ಬೇಕು; ಎಂಟು ವಾರದ ಬಲ್ಕ್‌ನಲ್ಲಿ ತಿಂದವರಿಗೆ ಮೂರು ವಾರ ಸಾಕು.

ಬಳಕೆ ಮತ್ತು ಅಪಾಯಗಳು

ಸ್ಪರ್ಧೆಗೆ ಇಳಿಯದ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮೈಕಟ್ಟಿನಲ್ಲಿರಲು ಬಯಸುವ ಮಧ್ಯಮ ಹಂತದ ಅಭ್ಯಾಸಿಗಳಿಗೆ ಈ ಪದ್ಧತಿ ಹೆಚ್ಚು ಹೊಂದುತ್ತದೆ. ತೂಕದ ವರ್ಗವಿರುವ ವೇಟ್‌ಲಿಫ್ಟಿಂಗ್, ಪವರ್‌ಲಿಫ್ಟಿಂಗ್ ಪಟುಗಳು ಸ್ಪರ್ಧೆಗಳ ನಡುವಿನ ಬಿಡುವಿಗೆ ಅದನ್ನು ಹೊಂದಿಸಿಕೊಳ್ಳುತ್ತಾರೆ. ತೀರಾ ಸಣಕಲು ಇರುವವರಿಗೆ ಪದೇಪದೇ ಕಟ್ ಮಾಡುವುದರಿಂದ ನಷ್ಟವೇ ಹೆಚ್ಚು. ಅವರಿಗೆ ಬೇಕಾದುದು ತಾಳ್ಮೆಯ ದೀರ್ಘ ಬಲ್ಕ್.

ಹದಿಹರೆಯದವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡದ ಕಾಯಿಲೆಯವರು, ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರ ನಿಗಾ ಇಲ್ಲದೆ ಇದನ್ನು ಕೈಗೊಳ್ಳಬಾರದು. ಕೊರತೆ ಅತಿಯಾದರೆ ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದ ಇದನ್ನು ಕ್ರೀಡೆಯಲ್ಲಿನ ಸಾಪೇಕ್ಷ ಶಕ್ತಿ ಕೊರತೆ ಎಂಬ ರೋಗಲಕ್ಷಣ ಸಮೂಹವಾಗಿ ಗುರುತಿಸಿದೆ. ಅದು ಗಂಡಸರನ್ನೂ ಬಾಧಿಸುತ್ತದೆ. ಹೊಟ್ಟೆ ಬಿರಿಯ ತಿನ್ನುವುದು, ಬಳಿಕ ಉಪವಾಸದಿಂದ ದಂಡಿಸಿಕೊಳ್ಳುವುದು ಎಂಬ ಆಹಾರ ಸೇವನೆಯ ಕಾಯಿಲೆಗೆ ಬಲ್ಕ್–ಕಟ್ ಎಂಬ ಹೆಸರು ಮರೆಯಾಗಿ ನಿಲ್ಲಬಲ್ಲದು. ಅದರ ಸುಳಿವಿದ್ದವರು ಈ ಪದ್ಧತಿಯಿಂದ ದೂರ ಇರಬೇಕು.

ಕಟ್ ಬೇಗ ಮುಗಿಸುವ ಆಸೆಗೆ ಕ್ಲೆನ್‌ಬ್ಯುಟೆರಾಲ್, ಡೈನೈಟ್ರೋಫೀನಾಲ್‌ಗಳ ಬಳಕೆ ಗಂಭೀರ ಅಪಾಯ. ಎರಡನೆಯದು ದೇಹದ ಉಷ್ಣತೆಯನ್ನು ತಡೆಯಿಲ್ಲದೆ ಏರಿಸಿ ಸಾವು ತಂದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ, ಅದಕ್ಕೆ ಪ್ರತ್ಯೌಷಧವಿಲ್ಲ. ಸ್ಟೆರಾಯ್ಡ್ ಬಳಸುವವರ ದೇಹದಲ್ಲಿ ಕೊರತೆಯಲ್ಲೂ ಸ್ನಾಯು ಉಳಿಯುತ್ತದೆ, ಬೆಳೆಯಲೂಬಹುದು. ಅವರ ವೇಳಾಪಟ್ಟಿಯನ್ನು ಸಹಜ ಅಭ್ಯಾಸಿ ನಕಲು ಮಾಡಿದರೆ ಕೈಗೆ ಬರುವುದು ನಿರಾಶೆ ಮಾತ್ರ.

ಇಂದಿನ ಸ್ಥಿತಿ

ಅಗ್ಗದ ಅಡುಗೆ ತಕ್ಕಡಿ, ಆಹಾರದ ಲೆಕ್ಕವಿಡುವ ಮೊಬೈಲ್ ಆ್ಯಪ್, ದೂರದಿಂದಲೇ ಯೋಜನೆ ಬರೆದುಕೊಡುವ ಆನ್‌ಲೈನ್ ತರಬೇತುದಾರರು ಇವುಗಳಿಂದಾಗಿ ವಾರದ ಲೆಕ್ಕದ ಆವರ್ತನ ಇಂದು ಸಾಮಾನ್ಯರಿಗೂ ಸಾಧ್ಯವಾಗಿದೆ. ಬೆಂಗಳೂರಿನಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಜಿಮ್‌ಗಳವರೆಗೆ ಬಲ್ಕ್, ಕಟ್ ಎಂಬ ಪದಗಳು ಕನ್ನಡದ ಮಾತಿನೊಳಗೆ ಸಲೀಸಾಗಿ ಬೆರೆತಿವೆ. ಆದರೆ ಆ್ಯಪ್‌ಗಳ ಪಟ್ಟಿಯಲ್ಲಿ ಜೋಳದ ರೊಟ್ಟಿ, ಬಸ್ಸಾರು, ಅಕ್ಕಿರೊಟ್ಟಿಗಳ ಅಂಕಿಗಳು ಮನೆಮನೆಯ ಅಳತೆಗೆ ಹೊಂದದಿರುವುದರಿಂದ, ಹಸಿ ಪದಾರ್ಥವನ್ನೇ ತೂಗಿ ಲೆಕ್ಕ ಹಾಕುವುದು ಹೆಚ್ಚು ನಿಖರ.

ಪ್ರೋಟೀನ್ ಪುಡಿಯ ಮಾರುಕಟ್ಟೆ ಈ ಪದ್ಧತಿಯ ಜೊತೆಗೇ ಬೆಳೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ, ಇಂಥ ಪುಡಿಗಳಲ್ಲಿ ಸೇರಿಸಿದ ಸಕ್ಕರೆ, ಕೃತಕ ಸಿಹಿ ಮತ್ತು ಸುವಾಸನೆಯ ಪದಾರ್ಥಗಳು ಇರಬಹುದೆಂದು ಎಚ್ಚರಿಸಿ, ಅವುಗಳ ನಿಯತ ಸೇವನೆಯನ್ನು ನಿರುತ್ತೇಜಿಸಿತು. ಬೇಳೆಕಾಳು, ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ ಪ್ರೋಟೀನ್ ಅಗತ್ಯವನ್ನು ಪೂರೈಸಿಕೊಳ್ಳಬಹುದೆಂಬುದು ಅದರ ನಿಲುವು.